ಕಾಯಿಹಾಲು ಬೇರೆಯಾಗುವುದು ಬೇರೆ, ಒಡೆಯುವುದು ಬೇರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಒತ್ತುಶಾವಿಗೆ ಮಾಡಿದರೆಂದರೆ ಜೊತೆಗೆ ಕಾಯಿಹಾಲು ಇರಲೇಬೇಕು. ಬಲಿತ ಕಾಯಿಯ ತುರಿಯನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಆ ಹಾಲನ್ನು ನಾಲ್ಕೈದು ಗಂಟೆ ಅಲುಗಾಡಿಸದೆ ಬಿಟ್ಟರೆ ಮೇಲೆ ದಪ್ಪ ಕೆನೆ ಕಟ್ಟುತ್ತದೆ, ತಳದಲ್ಲಿ ಮಸುಕು ನೀರು ಉಳಿಯುತ್ತದೆ. ಸೌಟು ಹಾಕಿ ಒಮ್ಮೆ ತಿರುವಿದರೆ ಎರಡೂ ಮತ್ತೆ ಒಂದಾಗುತ್ತವೆ. ಅದೇ ಹಾಲನ್ನು ಜೋರು ಉರಿಯ ಮೇಲಿಟ್ಟು ಕೊತಕೊತ ಕುದಿಸಿದರೆ ಬಿಳಿಯ ಸಣ್ಣ ಗಂಟುಗಳು ಕಾಣಿಸಿಕೊಂಡು ಮೇಲೆ ಎಣ್ಣೆ ತೇಲತೊಡಗುತ್ತದೆ. ಆಮೇಲೆ ಎಷ್ಟು ತಿರುವಿದರೂ ಅದು ಮೊದಲಿನ ಹಾಲಾಗುವುದಿಲ್ಲ.

ಮೊದಲನೆಯದು ಬೇರೆಯಾಗುವುದು, ಎರಡನೆಯದು ಒಡೆಯುವುದು. ಇವೆರಡರ ಕಾರಣಗಳೂ ಬೇರೆ, ಮದ್ದುಗಳೂ ಬೇರೆ. ತುಮಕೂರು ಜಿಲ್ಲೆಯಲ್ಲಿ ಕಾಯಿಹಾಲು, ಮಾವಿನ ರಸ, ಮಸಾಲೆ ಮಜ್ಜಿಗೆಯನ್ನು ಬಾಟಲಿಗೆ ತುಂಬಿ ಮಾರಲು ಹೊರಟ ಸಣ್ಣ ಉದ್ದಿಮೆಯವರು, ಸ್ವಸಹಾಯ ಸಂಘದ ಮಹಿಳೆಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ: ನಿಲ್ಲುವುದಿಲ್ಲವಲ್ಲ, ಇನ್ನೇನು ಹಾಕಿ ಗಟ್ಟಿ ಮಾಡಬೇಕು? ಆ ಪ್ರಶ್ನೆಯೊಳಗೆ ಎರಡು ವಿಷಯ ಕಲಸಿಹೋಗಿವೆ. ದ್ರವ ಮಂದವಾಗಿರುವುದು ಒಂದು ಗುಣ, ಅದು ಒಂದಾಗಿ ಉಳಿಯುವುದು ಇನ್ನೊಂದು ಗುಣ. ಮಂದವಾಗಿದ್ದೂ ಒಡೆದುಹೋಗುವ ದ್ರವಗಳಿವೆ. ನೀರಿನಷ್ಟೇ ತೆಳ್ಳಗಿದ್ದು ತಿಂಗಳುಗಟ್ಟಲೆ ಕದಲದೆ ನಿಲ್ಲುವ ಪಾನೀಯಗಳೂ ಇವೆ.

ಎಣ್ಣೆ ಮತ್ತು ನೀರು ತಾವಾಗಿ ಬೆರೆಯುವುದಿಲ್ಲ. ಒಂದು ಇನ್ನೊಂದರೊಳಗೆ ಸಣ್ಣ ಹನಿಗಳಾಗಿ ಹರಡಿಕೊಂಡಿರುವ ಸ್ಥಿತಿಗೆ ಎಮಲ್ಷನ್ ಎನ್ನುತ್ತಾರೆ. ಹಸುವಿನ ಹಾಲು, ಕಾಯಿಹಾಲು, ಐಸ್‌ಕ್ರೀಂ ಮಿಶ್ರಣ ಎಲ್ಲವೂ ನೀರಿನಲ್ಲಿ ಕೊಬ್ಬಿನ ಹನಿ ಇರುವ ಎಮಲ್ಷನ್‌ಗಳು. ಬೆಣ್ಣೆ ಇದರ ತಿರುವುಮುರುವು: ಅಲ್ಲಿ ಕೊಬ್ಬಿನೊಳಗೆ ನೀರಿನ ಹನಿಗಳಿರುತ್ತವೆ. ಎರಡು ಹನಿಗಳು ಎದುರಾದಾಗ ಕೂಡಿ ಒಂದಾಗದಂತೆ ತಡೆಯುವುದು ಪ್ರತಿಯೊಂದು ಹನಿಯ ಸುತ್ತ ಇರುವ ತೆಳುವಾದ ಪೊರೆ. ಹಸುವಿನ ಹಾಲಿನಲ್ಲಿ ಆ ಪೊರೆಯನ್ನು ಕೆಚ್ಚಲಿನ ಜೀವಕೋಶಗಳೇ ಹೊದಿಸಿ ಕಳಿಸಿರುತ್ತವೆ. ಕಾಯಿಹಾಲಿನಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ತೆಂಗಿನ ಪ್ರೋಟೀನುಗಳು ಮಾಡಬೇಕು. ಆದರೆ ಕಾಯಿಯಲ್ಲಿ ಕೊಬ್ಬು ಹೆಚ್ಚು, ಪ್ರೋಟೀನು ಕಡಿಮೆ. ನೀರು ಹಾಕದೆ ಹಿಂಡಿದ ಮೊದಲ ಹಾಲಿನಲ್ಲಿ ಮೂರನೇ ಒಂದು ಭಾಗದಷ್ಟು ಕೊಬ್ಬೇ ಇರುತ್ತದೆ. ಅಷ್ಟು ಹನಿಗಳಿಗೆ ಇರುವಷ್ಟು ಪ್ರೋಟೀನನ್ನು ಹಂಚಿದರೆ ಪೊರೆ ದುರ್ಬಲವಾಗುವುದು ಸಹಜ. ಹಸುವಿನ ಹಾಲು ಮೂರು ಬಾರಿ ಉಕ್ಕಿದರೂ ತಡೆದುಕೊಳ್ಳುತ್ತದೆ, ಕಾಯಿಹಾಲು ಒಂದು ಕುದಿಗೇ ಸೋಲುತ್ತದೆ.

ಮೊದಲು ಬೇರೆಯಾಗುವ ವಿಷಯ. ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ಹನಿಗಳು ನಿಧಾನವಾಗಿ ಮೇಲೇರುತ್ತವೆ. ಎಷ್ಟು ವೇಗದಲ್ಲಿ ಏರುತ್ತವೆ ಎಂಬುದಕ್ಕೆ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ವೇಗವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಹನಿಯ ಗಾತ್ರ, ಹನಿಗೂ ಸುತ್ತಲಿನ ನೀರಿಗೂ ಇರುವ ಸಾಂದ್ರತೆಯ ವ್ಯತ್ಯಾಸ, ಸುತ್ತಲಿನ ದ್ರವದ ಸ್ನಿಗ್ಧತೆ, ಅಂದರೆ ಅದು ಎಷ್ಟು ಮಂದವಾಗಿದೆ ಎಂಬುದು. ಇವುಗಳಲ್ಲಿ ಗಾತ್ರದ ಪ್ರಭಾವವೇ ಹೆಚ್ಚು, ಏಕೆಂದರೆ ವೇಗ ಹನಿಯ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹನಿಯ ವ್ಯಾಸ ಅರ್ಧವಾದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಕಾಲುಭಾಗವಾದರೆ ವೇಗ ಹದಿನಾರನೇ ಒಂದು ಪಾಲು.

ಅಂಕಿಗಳಲ್ಲೇ ನೋಡೋಣ. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ಹಸುವಿನ ಹಸಿ ಹಾಲಿನಲ್ಲಿ ಕೊಬ್ಬಿನ ಹನಿಗಳು ಸರಾಸರಿ 3ರಿಂದ 4 ಮೈಕ್ರಾನ್ ಇರುತ್ತವೆ. 4 ಮೈಕ್ರಾನಿನ ಒಂಟಿ ಹನಿ ಗಂಟೆಗೆ ಸುಮಾರು 2 ಮಿಲಿಮೀಟರ್ ಮೇಲೇರುತ್ತದೆ. ಅದನ್ನು 1 ಮೈಕ್ರಾನಿಗೆ ಒಡೆದರೆ ಇಡೀ ದಿನದಲ್ಲಿ ಏರುವುದು 3 ಮಿಲಿಮೀಟರಿನಷ್ಟು ಮಾತ್ರ. ಡೇರಿಗಳಲ್ಲಿರುವ ಹೋಮೋಜಿನೈಸರ್ ಯಂತ್ರ ಮಾಡುವುದು ಇದನ್ನೇ. ಹಾಲನ್ನು ವಾತಾವರಣದ ಒತ್ತಡಕ್ಕಿಂತ ನೂರೈವತ್ತು, ಇನ್ನೂರು ಪಟ್ಟು ಒತ್ತಡದಲ್ಲಿ ಬಹಳ ಕಿರಿದಾದ ಸಂದಿನಲ್ಲಿ ನುಗ್ಗಿಸಿದಾಗ ಹನಿಗಳು ಚೂರುಚೂರಾಗುತ್ತವೆ. ಫ್ರಾನ್ಸಿನ ಆಗಸ್ಟ್ ಗೋಲಾಂ ಇದಕ್ಕೆ 1899ರಲ್ಲಿ ಪೇಟೆಂಟ್ ಪಡೆದು, ಮರುವರ್ಷ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ತೋರಿಸಿದರು. ಪ್ಯಾಕೆಟ್ ಹಾಲಿನಲ್ಲಿ ಮೊದಲಿನಂತೆ ಕೆನೆ ಕಟ್ಟುವುದಿಲ್ಲ, ಏನೋ ಬೆರೆಸಿದ್ದಾರೆ ಎಂದು ಬೇಸರಪಡುವ ಹಿರಿಯರನ್ನು ಕಂಡಿದ್ದೇನೆ. ಹೋಮೋಜಿನೈಸ್ ಮಾಡಿದ ಹಾಲಿನಲ್ಲಿ ಅದಕ್ಕೆ ಹನಿಗಳು ಸಣ್ಣದಾಗಿರುವುದೇ ಕಾರಣ, ಯಾವ ಪುಡಿಯನ್ನೂ ಹಾಕಬೇಕಿಲ್ಲ.

ಮನೆಯ ಮಿಕ್ಸಿಯಲ್ಲಿ ರುಬ್ಬಿ ಹಿಂಡಿದ ಕಾಯಿಹಾಲಿನಲ್ಲಿ 10 ಮೈಕ್ರಾನ್ ಆಸುಪಾಸಿನ ಹನಿಗಳು ಧಾರಾಳವಾಗಿರುತ್ತವೆ. ಸ್ಟೋಕ್ಸ್ ಲೆಕ್ಕದಂತೆ ಅವು ಗಂಟೆಗೆ ಹಲವು ಮಿಲಿಮೀಟರ್ ಏರಬೇಕು, ಏರುತ್ತವೆ ಕೂಡ. ಜೊತೆಗೆ ದುರ್ಬಲ ಪೊರೆಯ ಹನಿಗಳು ಗೊಂಚಲುಗಟ್ಟುತ್ತವೆ, ಗೊಂಚಲು ಇನ್ನೂ ಬೇಗ ಮೇಲೆ ಬರುತ್ತದೆ. ಆದರೂ ಇಲ್ಲಿ ಕೆಟ್ಟದ್ದೇನೂ ನಡೆದಿಲ್ಲ. ಕೆನೆಯಲ್ಲಿ ಪ್ರತಿ ಹನಿಯೂ ತನ್ನ ಪೊರೆಯೊಳಗೇ ಇದೆ, ತಿರುವಿದರೆ ಮರಳಿ ಹರಡಿಕೊಳ್ಳುತ್ತದೆ. ಅಲುಗಾಡಿಸಿದಾಗ ಸರಿಹೋಗುವಂಥದ್ದನ್ನು ದೋಷವೆಂದು ನಾನು ಕರೆಯಲಾರೆ.

ಕಾಯಿಹಾಲಿಗೆ ತುರಿಯ ಜೊತೆ ಒಂದು ಹಿಡಿ ನೆನೆಸಿದ ಅಕ್ಕಿ, ಗಸಗಸೆ ಸೇರಿಸಿ ರುಬ್ಬುವ ರೂಢಿ ನಮ್ಮಲ್ಲಿದೆ. ರುಚಿಗಾಗಿ ಎನ್ನುತ್ತಾರೆ, ರುಚಿಯೂ ಹೆಚ್ಚುತ್ತದೆ. ಅದರ ಹಿಂದಿರುವ ಭೌತವಿಜ್ಞಾನ ಸೊಗಸಾಗಿದೆ. ಹಾಲನ್ನು ಬಿಸಿ ಮಾಡುವಾಗ ಅಕ್ಕಿಯ ಪಿಷ್ಟದ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಸುತ್ತಲಿನ ದ್ರವ ಮಂದವಾಗುತ್ತದೆ, ಹನಿಗಳು ಏರುವ ವೇಗ ತಗ್ಗುತ್ತದೆ. ಕಾರ್ಖಾನೆಗಳು ಗೌರ್ ಗಮ್ ಹಾಕುವುದೂ ಈ ಕೆಲಸಕ್ಕೇ. ಹೆಸರು ಕೇಳಿ ಗಾಬರಿಯಾಗುವವರಿಗೆ ಒಂದು ಮಾತು: ಗೌರ್ ಗಮ್ ಎಂದರೆ ಗೋರಿಕಾಯಿಯ ಬೀಜದಿಂದ ತೆಗೆದ ಅಂಟು. ರಾಜಸ್ಥಾನದಲ್ಲಿ ಅದಕ್ಕಾಗಿಯೇ ಗೋರಿಕಾಯಿ ಬೆಳೆಯುತ್ತಾರೆ.

ಆದರೆ ಮಂದ ಮಾಡಿದ ಮಾತ್ರಕ್ಕೆ ಪೊರೆ ಬಲವಾಗುವುದಿಲ್ಲ, ಇಲ್ಲೇ ಹೆಚ್ಚಿನವರು ಎಡವುವುದು. ತೆಂಗಿನ ಪ್ರೋಟೀನುಗಳು 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ತಮ್ಮ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹನಿಯನ್ನು ಕಾಯಬೇಕಾದ ಪೊರೆಯೇ ಪಕ್ಕದ ಹನಿಯ ಪೊರೆಗೆ ಅಂಟಿದಾಗ ಮೊದಲು ಗಂಟು, ಆಮೇಲೆ ಎಣ್ಣೆ. ಗೋರಿಕಾಯಿಯ ಅಂಟು ಎಷ್ಟೇ ಹಾಕಿದರೂ ಇದನ್ನು ತಡೆಯಲಾಗದು. ಬೆಲ್ಲ ಹಾಕಿ ಕುದಿಸಿದಾಗ ಹಾಲು ಇನ್ನೂ ಬೇಗ ಒಡೆಯುತ್ತದೆ, ಏಕೆಂದರೆ ಬೆಲ್ಲದಲ್ಲಿ ತುಸು ಹುಳಿಯೂ ಖನಿಜ ಲವಣಗಳೂ ಇರುತ್ತವೆ. ಪ್ರೋಟೀನುಗಳು ಪರಸ್ಪರ ದೂರ ತಳ್ಳುವ ವಿದ್ಯುದಂಶದ ಬಲವನ್ನು ಹುಳಿ, ಲವಣ ಎರಡೂ ಕುಗ್ಗಿಸುತ್ತವೆ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಆರಿಸಿ, ಒಲೆಯಿಂದ ಇಳಿಸಿದ ಹಾಲಿಗೆ ಕೊನೆಯಲ್ಲಿ ಬೆರೆಸುವ ಅಜ್ಜಿಯಂದಿರ ಕ್ರಮದಲ್ಲಿ ಶಾಖ, ಹುಳಿ ಎರಡೂ ಒಟ್ಟಿಗೆ ದಾಳಿ ಮಾಡುವುದಿಲ್ಲ. ಎಣ್ಣೆ ಬಿಡುವವರೆಗೂ ಕುದಿಸಬೇಕಾದ ಗಸಿಗೆ ಮಾತ್ರ ಈ ನಿಯಮ ಬೇಕಿಲ್ಲ, ಅಲ್ಲಿ ಒಡೆಯುವುದೇ ಉದ್ದೇಶ.

ಶಾಖದಷ್ಟೇ ಅಪಾಯ ಚಳಿಯಲ್ಲೂ ಇದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಿಗ್ಗೆ ತಿಪಟೂರಿನಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಡದ ಮನೆಯಿಲ್ಲ. ಕಾಯಿಹಾಲನ್ನು ಫ್ರಿಜ್ಜಿನಲ್ಲಿಟ್ಟಾಗ ಪ್ರತಿ ಹನಿಯೊಳಗೂ ಇದೇ ನಡೆಯುತ್ತದೆ. ಕೊಬ್ಬು ಸೂಜಿಯಂಥ ಹರಳುಗಳಾಗಿ ಬೆಳೆದು ಪೊರೆಯನ್ನು ಚುಚ್ಚಿ ಹೊರಚಾಚುತ್ತದೆ, ಪಕ್ಕದ ಹನಿಗೆ ತಾಗಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಫ್ರೀಜರಿನಲ್ಲಿಟ್ಟರೆ ನೀರಿನ ಮಂಜುಗಡ್ಡೆಯೂ ಸೇರಿ ಹನಿಗಳನ್ನು ಒಂದೆಡೆಗೆ ಒತ್ತರಿಸುತ್ತದೆ. ಕರಗಿಸಿದಾಗ ಕಚ್ಚಿಕೊಂಡಿದ್ದ ಹನಿಗಳು ಕೂಡಿ ಎಣ್ಣೆಯಾಗಿ ಹರಿಯುತ್ತವೆ. ಕಾಯಿಹಾಲಿನಿಂದ ವರ್ಜಿನ್ ಕೊಬ್ಬರಿ ಎಣ್ಣೆ ತೆಗೆಯುವ ಒಂದು ವಿಧಾನ ಇದನ್ನೇ ನೆಚ್ಚಿಕೊಂಡಿದೆ: ಕೆನೆಯನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಎಣ್ಣೆಯನ್ನು ಬೇರ್ಪಡಿಸುತ್ತಾರೆ.

ಮೊಸರು ಕಡೆದು ಬೆಣ್ಣೆ ತೆಗೆಯುವ ನಮ್ಮ ಮನೆಗಳಿಗೆ ಈ ವಿದ್ಯೆ ಹೊಸದಲ್ಲ. ಕಡೆಗೋಲಿನ ಹೊಡೆತಕ್ಕೆ ಕೊಬ್ಬಿನ ಹನಿಗಳ ಪೊರೆ ಹರಿಯಬೇಕು, ಹರಿದ ಹನಿಗಳು ಒಂದಕ್ಕೊಂದು ಅಂಟಬೇಕು. ಅದಕ್ಕೆ ಹನಿಯೊಳಗೆ ಅರ್ಧ ಗಟ್ಟಿ, ಅರ್ಧ ದ್ರವ ಕೊಬ್ಬು ಇರಬೇಕು. ಪೂರ್ತಿ ಕರಗಿದ್ದರೆ ಬೆಣ್ಣೆ ಕಟ್ಟದು, ಪೂರ್ತಿ ಗಟ್ಟಿಯಾಗಿದ್ದರೆ ಅಂಟದು. ಬೇಸಿಗೆಯಲ್ಲಿ ನಸುಕಿನಲ್ಲೇ ಕಡೆಯುವುದೂ, ಬೆಣ್ಣೆ ಬಾರದಾಗ ತಣ್ಣೀರು ಹೊಯ್ಯುವುದೂ, ಚಳಿಗಾಲದಲ್ಲಿ ತುಸು ಬೆಚ್ಚನೆಯ ನೀರು ಸೇರಿಸುವುದೂ ಆ ಹದಕ್ಕಾಗಿಯೇ.

ಇನ್ನು ಹರಿವಿನ ವಿಷಯ. ಇದನ್ನು ರಾಗಿಯಿಂದ ಕಲಿತಷ್ಟು ಸುಲಭವಾಗಿ ಬೇರೆಲ್ಲಿಂದಲೂ ಕಲಿಯಲಾಗದು. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿದಾಗ ಅದು ನೀರಿನಂತೆಯೇ ಹರಿಯುತ್ತದೆ, ಬಿಟ್ಟರೆ ಹಿಟ್ಟು ತಳ ಸೇರುತ್ತದೆ. ಒಲೆಯ ಮೇಲಿಟ್ಟು 65 ಡಿಗ್ರಿ ದಾಟುತ್ತಿದ್ದಂತೆ ಪಿಷ್ಟದ ಕಣಗಳು ಊದಿಕೊಂಡು ಪಾತ್ರೆಯ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಸೌಟಿಗೆ ತಟ್ಟನೆ ಭಾರ ಗೊತ್ತಾಗುತ್ತದೆ. ಅಂಬಲಿಯಾದ ಮೇಲೆ ಜೋರಾಗಿ ತಿರುವಿ ನೋಡಿ: ತಿರುವುತ್ತಿರುವಾಗ ತೆಳ್ಳಗೆ, ನಿಲ್ಲಿಸಿದ ಮೇಲೆ ಮಂದ. ನೀರು, ಎಣ್ಣೆಗಳಿಗೆ ಈ ಗುಣವಿಲ್ಲ. ನಿಧಾನವಾಗಿ ತಿರುವಿದರೂ ಜೋರಾಗಿ ತಿರುವಿದರೂ ಅವುಗಳ ಸ್ನಿಗ್ಧತೆ ಒಂದೇ. ಅಂಬಲಿಯಲ್ಲಿ ತಿರುವಿನ ರಭಸಕ್ಕೆ ಊದಿದ ಕಣಗಳೂ ಉದ್ದನೆಯ ಪಿಷ್ಟದ ಎಳೆಗಳೂ ಹರಿವಿನ ದಿಕ್ಕಿಗೆ ಸಾಲುಗೊಳ್ಳುತ್ತವೆ, ಅಡ್ಡಿ ಕಡಿಮೆಯಾಗುತ್ತದೆ. ಪಾನೀಯ ತಯಾರಿಸುವವರು ಈ ಗುಣಕ್ಕೆ ಬಹಳ ಬೆಲೆ ಕೊಡುತ್ತಾರೆ. ಬಾಟಲಿಯಲ್ಲಿ ಸುಮ್ಮನಿರುವಾಗ ಮಂದವಾಗಿದ್ದು ಕಣಗಳನ್ನು ಹಿಡಿದಿಡಬೇಕು, ಬಗ್ಗಿಸಿದಾಗ ಸಲೀಸಾಗಿ ಸುರಿಯಬೇಕು, ನಾಲಿಗೆಗೆ ಲೋಳೆ ಎನಿಸಬಾರದು. ಸಾಂಥನ್ ಗಮ್ ಎಂಬ ಅಂಟು ಈ ಮೂರನ್ನೂ ಅತಿ ಕಡಿಮೆ ಪ್ರಮಾಣದಲ್ಲಿ ಸಾಧಿಸುತ್ತದೆ. ಬ್ಯಾಕ್ಟೀರಿಯಾವೊಂದು ಸಕ್ಕರೆಯನ್ನು ಹುದುಗಿಸಿ ತಯಾರಿಸುವ ಈ ಅಂಟಿಗೆ ಅಮೆರಿಕ 1969ರಲ್ಲಿ ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ನೂರು ಮಿಲಿಲೀಟರಿಗೆ ಒಂದು ಗ್ರಾಮಿನ ಕಾಲುಭಾಗ ಸಾಕಷ್ಟಾಯಿತು. ಅದಕ್ಕಿಂತ ಕೈಜಾರಿದರೆ ಗಂಟಲಲ್ಲಿ ಲೋಳೆ ನಿಂತಂತಾಗುತ್ತದೆ.

ಮೊಳಕೆ ರಾಗಿಯ ಕಥೆ ಇನ್ನೂ ಸ್ವಾರಸ್ಯಕರ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿಸಿದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಒಣಗಿಸಿ, ಹದವಾಗಿ ಹುರಿದು, ಬೀಸಿದ ಮೇಲೂ ಅದರಲ್ಲಿ ಸಾಕಷ್ಟು ಉಳಿದಿರುತ್ತದೆ. ಆ ಹಿಟ್ಟಿನಲ್ಲಿ ಮಗುವಿಗೆ ಸರಿ ಕಾಯಿಸುವಾಗ ಕಿಣ್ವ ಪಿಷ್ಟದ ಉದ್ದನೆಯ ಎಳೆಗಳನ್ನು ಕತ್ತರಿಸುತ್ತದೆ. ಹಾಗಾಗಿ ಮಾಮೂಲಿ ಹಿಟ್ಟಿಗಿಂತ ಹೆಚ್ಚು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಎಳೆ ಮಗುವಿನ ಹೊಟ್ಟೆ ಚಿಕ್ಕದು, ಗಟ್ಟಿಯಾದುದನ್ನು ಅದು ನುಂಗಲಾರದು. ನುಂಗುವಷ್ಟು ತೆಳ್ಳಗಿದ್ದೂ ಹೆಚ್ಚು ಶಕ್ತಿ ಕೊಡುವ ಆಹಾರ ಬೇಕೆಂದರೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಬಗ್ಗೆ ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ. ತೆಳ್ಳಗಿದೆ ಎಂದರೆ ಸತ್ವವಿಲ್ಲ ಎಂದು ತೀರ್ಮಾನಿಸುವ ಅಭ್ಯಾಸವನ್ನು ಈ ಒಂದು ಉದಾಹರಣೆಯೇ ಅಲುಗಾಡಿಸಬೇಕು.

ಮಜ್ಜಿಗೆ, ಮಾವಿನ ರಸಗಳಲ್ಲಿ ತೊಂದರೆ ಕೊಡುವುದು ಎಣ್ಣೆಯ ಹನಿಗಳಲ್ಲ, ಘನ ಕಣಗಳು. ಅವು ನೀರಿಗಿಂತ ಭಾರ, ಆದ್ದರಿಂದ ಕೆಳಗಿಳಿಯುತ್ತವೆ. ಸ್ಟೋಕ್ಸ್ ನಿಯಮ ಅದೇ, ದಿಕ್ಕು ಮಾತ್ರ ಬೇರೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ಹಾಲಿನ ಕೇಸಿನ್ ಪ್ರೋಟೀನು ಪಿಎಚ್ 4.6ರ ಹುಳಿಯಲ್ಲಿ ತನ್ನ ವಿದ್ಯುದಂಶವನ್ನು ಕಳೆದುಕೊಂಡು ಒಟ್ಟುಗೂಡುತ್ತದೆ, ಮೊಸರು ಹೆಪ್ಪಾಗುವುದು ಹಾಗೆ. ನೀರು ಸೇರಿಸಿ ಕಡೆದ ಮಜ್ಜಿಗೆಯಲ್ಲಿ ಆ ಪ್ರೋಟೀನಿನ ಚೂರುಗಳು ತಳ ಸೇರಿ ಮೇಲೆ ತಿಳಿ ನಿಲ್ಲುತ್ತದೆ. ರಾಮನವಮಿಯಂದು ಬೀದಿಯಲ್ಲಿ ಕೊಳಗದಿಂದ ಮೊಗೆದು ಕೊಡುವ ನೀರುಮಜ್ಜಿಗೆಗೆ ಇದು ಸಮಸ್ಯೆಯೇ ಅಲ್ಲ, ಸೌಟು ಆಡುತ್ತಲೇ ಇರುತ್ತದೆ. ಪ್ಯಾಕೆಟ್ಟಿನಲ್ಲಿ ಹಲವು ದಿನ ನಿಲ್ಲಬೇಕಾದ ಮಜ್ಜಿಗೆಗೆ ಪೆಕ್ಟಿನ್ ಬೆರೆಸುವುದುಂಟು. ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್ ಹುಳಿಯಲ್ಲಿ ಋಣ ವಿದ್ಯುದಂಶ ಹೊಂದಿರುತ್ತದೆ. ಅದು ಪ್ರೋಟೀನಿನ ಚೂರುಗಳ ಮೈಗೆ ಅಂಟಿಕೊಂಡಾಗ ಚೂರುಗಳು ಒಂದನ್ನೊಂದು ದೂರ ತಳ್ಳುತ್ತವೆ. ಇಲ್ಲಿ ಮಜ್ಜಿಗೆ ಗಟ್ಟಿಯಾಗಬೇಕಿಲ್ಲ, ನೀರಿನಂತಿದ್ದೂ ನಿಲ್ಲುತ್ತದೆ. ಮಂದವೇ ಸ್ಥಿರತೆ ಎಂದು ನಂಬಿದವರು ಒಮ್ಮೆ ಇದನ್ನು ಕಣ್ಣಾರೆ ನೋಡಬೇಕು.

ಪೆಕ್ಟಿನ್ ಹಣ್ಣಿನಲ್ಲೇ ಇರುತ್ತದೆ, ಜೊತೆಗೆ ಅದನ್ನು ಹಾಳುಮಾಡುವ ಕಿಣ್ವವೂ ಇರುತ್ತದೆ. ಮಾವಿನ ತಿರುಳು ತೆಗೆದ ಮೇಲೆ ಬಿಸಿ ಮಾಡದೆ ಹೊತ್ತು ಕಳೆದರೆ ಆ ಕಿಣ್ವ ಪೆಕ್ಟಿನ್ನನ್ನು ಬದಲಿಸುತ್ತದೆ. ಬದಲಾದ ಪೆಕ್ಟಿನ್ ಹಣ್ಣಿನ ಕ್ಯಾಲ್ಸಿಯಂ ಜೊತೆ ಸೇರಿ ಉಂಡೆಗಟ್ಟಿ ತಳ ಸೇರುತ್ತದೆ, ಮೇಲೆ ತಿಳಿನೀರು. ಕೋಲಾರ ಜಿಲ್ಲೆಯ ಟೊಮೆಟೊ ಸಾಸ್ ಆಗುವಾಗಲೂ ಇದೇ ನಿಯಮ. ಹಣ್ಣನ್ನು ಜಜ್ಜಿದ ಕೂಡಲೇ 90 ಡಿಗ್ರಿಯ ಆಸುಪಾಸಿಗೆ ಏರಿಸಿದರೆ ಕಿಣ್ವ ಸಾಯುತ್ತದೆ, ಪೆಕ್ಟಿನ್ ಉಳಿಯುತ್ತದೆ, ಸಾಸ್ ದಪ್ಪಗೆ ಕೂರುತ್ತದೆ. 65 ಡಿಗ್ರಿಯಲ್ಲೇ ನಿಲ್ಲಿಸಿದರೆ ಬಣ್ಣ, ಪರಿಮಳ ಚೆನ್ನಾಗಿದ್ದು ರಸ ತೆಳ್ಳಗಾಗುತ್ತದೆ. ಶ್ರೀನಿವಾಸಪುರದ ತೋತಾಪುರಿಯಿಂದ ಮನೆಯಲ್ಲೇ ರಸ ಮಾಡುವವರಿಗೂ ನಾನು ಹೇಳುವುದಿಷ್ಟೇ: ತಿರುಳು ತೆಗೆದು ಹರಟೆಗೆ ಕೂರಬೇಡಿ, ಒಲೆ ಮೊದಲೇ ಹೊತ್ತಿರಲಿ.

ಕಿತ್ತಳೆ ಬಣ್ಣದ ತಂಪು ಪಾನೀಯಗಳದ್ದು ಬೇರೆಯೇ ತಂತ್ರ. ಕಿತ್ತಳೆ ಸಿಪ್ಪೆಯ ಎಣ್ಣೆ ಬಹಳ ಹಗುರ, ಸಕ್ಕರೆ ನೀರು ಭಾರ. ಹನಿಯನ್ನು ಎಷ್ಟೇ ಸಣ್ಣ ಮಾಡಿದರೂ ಕೊನೆಗೆ ಬಾಟಲಿಯ ಕತ್ತಿನಲ್ಲಿ ಎಣ್ಣೆಯ ಉಂಗುರ ಕಟ್ಟುತ್ತದೆ. ಅದಕ್ಕಾಗಿ ಎಣ್ಣೆಗೇ ಭಾರವಾದ ಪದಾರ್ಥ ಬೆರೆಸಿ ಸಾಂದ್ರತೆಯ ವ್ಯತ್ಯಾಸವನ್ನು ಅಳಿಸುತ್ತಾರೆ. ಹಿಂದೆ ಇದಕ್ಕೆ ಬ್ರೋಮಿನ್ ಸೇರಿಸಿದ ಸಸ್ಯ ಎಣ್ಣೆ ಬಳಸುತ್ತಿದ್ದರು. ಬ್ರೋಮಿನ್ ದೇಹದಲ್ಲಿ ಉಳಿಯುತ್ತದೆಂಬ ಕಾರಣಕ್ಕೆ ಭಾರತ ಅದನ್ನು 1990ರಲ್ಲೇ ನಿಷೇಧಿಸಿತು, ಅಮೆರಿಕ ಅನುಮತಿ ಹಿಂತೆಗೆದುಕೊಂಡದ್ದು 2024ರಲ್ಲಿ. ಎಲ್ಲ ಸೇರ್ಪಡೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದು ಇದಕ್ಕಾಗಿಯೇ. ಲೇಬಲ್ಲಿನಲ್ಲಿ 412 ಎಂದಿದ್ದರೆ ಗೋರಿಕಾಯಿಯ ಅಂಟು, 414 ಎಂದಿದ್ದರೆ ಆಫ್ರಿಕಾದ ಜಾಲಿ ಜಾತಿಯ ಮರದ ಅಂಟು, 415 ಸಾಂಥನ್, 440 ಪೆಕ್ಟಿನ್, 466 ಸಸ್ಯದ ನಾರನ್ನು ರಾಸಾಯನಿಕವಾಗಿ ಮಾರ್ಪಡಿಸಿದ ಅಂಟು. ಸಂಖ್ಯೆ ಕಂಡ ಕೂಡಲೇ ವಿಷ ಎನ್ನುವುದೂ ಸರಿಯಲ್ಲ, ಓದದೆ ಕುಡಿಯುವುದೂ ಸರಿಯಲ್ಲ.

ಕೊನೆಗೆ, ಬಾಟಲಿ ತುಂಬಿ ಮಾರುವವರು ತಪ್ಪದೆ ತಿಳಿದಿರಬೇಕಾದ ಒಂದು ಸಂಗತಿ. ಮಾವಿನ ಪಾನೀಯವನ್ನು ಹುಳಿ ಹೊಂದಿಸಿ ಪಿಎಚ್ 4.6ಕ್ಕಿಂತ ಸಾಕಷ್ಟು ಕೆಳಗಿಟ್ಟರೆ, 85ರಿಂದ 90 ಡಿಗ್ರಿಗೆ ಕಾಯಿಸಿ, ಬಿಸಿಯಿರುವಾಗಲೇ ಶುದ್ಧ ಬಾಟಲಿಗೆ ತುಂಬಿ ಮುಚ್ಚಿದರೆ ಹೊರಗಿಟ್ಟೂ ಮಾರಬಹುದು. ಕಾಯಿಹಾಲಿಗೆ ಈ ಕ್ರಮ ಸಲ್ಲದು. ಅದರ ಪಿಎಚ್ 6ರ ಸುತ್ತ ಇರುತ್ತದೆ, ಅಷ್ಟು ಕಡಿಮೆ ಹುಳಿಯಿರುವ ಮುಚ್ಚಿದ ಬಾಟಲಿಯಲ್ಲಿ ಪ್ರಾಣಕ್ಕೇ ಎರವಾಗುವ ಬಾಟ್ಯುಲಿನಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ಬೀಜಾಣುಗಳು ಬರೀ ಕುದಿಯುವ ಶಾಖಕ್ಕೆ ಸಾಯುವುದಿಲ್ಲ. ಡಬ್ಬಿಯ ಕಾಯಿಹಾಲನ್ನು ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿಯವರೆಗೆ ಕಾಯಿಸುವುದು ಅದಕ್ಕೇ. ಆ ಶಾಖದಲ್ಲಿ ತೆಂಗಿನ ಪ್ರೋಟೀನು ನಿಲ್ಲಲಾರದು, ಹಾಗಾಗಿ ಹನಿಗಳಿಗೆ ಹೊಸ ಪೊರೆ ಹೊದಿಸಲು ಬೇರೆ ಎಮಲ್ಸಿಫೈಯರ್, ಮಂದ ಮಾಡಲು ಅಂಟು, ಹನಿ ಚೂರು ಮಾಡಲು ಹೋಮೋಜಿನೈಸರ್, ಎಲ್ಲವೂ ಬೇಕಾಗುತ್ತವೆ. ಅಂಥ ಯಂತ್ರಗಳಿಲ್ಲದವರು ಹಾಲನ್ನು 72ರಿಂದ 75 ಡಿಗ್ರಿಗೆ ಮಾತ್ರ ಕಾಯಿಸಿ, ಬಿಡದೆ ತಿರುವುತ್ತಾ, ಕೂಡಲೇ ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸಿ, 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮಾರಿ ಮುಗಿಸಬೇಕು. ಮೇಲೆ ಕೆನೆ ಕಟ್ಟುತ್ತದೆ, ಕಟ್ಟಲಿ. ಬಾಟಲಿಯ ಮೇಲೆ ‘ಚೆನ್ನಾಗಿ ಅಲುಗಾಡಿಸಿ ಬಳಸಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಮುಚ್ಚಳ ಉಬ್ಬಿದ್ದರೆ, ತೆರೆದಾಗ ಗಾಳಿ ಬುಸುಗುಟ್ಟಿದರೆ, ಹುಳಿ ಅಥವಾ ಮುಗ್ಗಲು ವಾಸನೆ ಬಂದರೆ ಮಾತ್ರ ಅಲುಗಾಡಿಸಿ ನೋಡುವ ಗೊಡವೆ ಬೇಡ, ಬಾಯಿಗಿಟ್ಟು ಪರೀಕ್ಷಿಸುವುದಂತೂ ಬೇಡವೇ ಬೇಡ, ನೇರವಾಗಿ ಚೆಲ್ಲಿಬಿಡಿ.